ಹದ್ದು 40ನೇ ವಯಸ್ಸಿಗೆ ಕೊಕ್ಕು ಒಡೆದುಕೊಂಡು ಮರುಹುಟ್ಟು ಪಡೆಯುತ್ತದೆಯೇ? ಚಳಿಗಾಲದ ‘ಹದ್ದು ಹಬ್ಬ’ಗಳು ತೋರಿಸುವ ನಿಜ ಕಥೆ

ಈ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಒಮ್ಮೆಯಾದರೂ ಬಂದಿರುತ್ತದೆ. ಅದರ ಸಾರ ಇಷ್ಟು: ಹದ್ದು 70 ವರ್ಷ ಬದುಕುತ್ತದೆ. ಆದರೆ 40ನೇ ವಯಸ್ಸಿಗೆ ಅದರ ಕೊಕ್ಕು ಬಾಗುತ್ತದೆ, ಉಗುರು ಮೊಂಡಾಗುತ್ತದೆ, ರೆಕ್ಕೆ ಭಾರವಾಗುತ್ತದೆ. ಆಗ ಅದರ ಮುಂದೆ ಎರಡೇ ದಾರಿ. ಒಂದು, ಸಾಯುವುದು. ಇನ್ನೊಂದು, ಬೆಟ್ಟದ ತುದಿಗೆ ಹೋಗಿ ಒಂಟಿಯಾಗಿ ಕೂತು, ಬಂಡೆಗೆ ಕೊಕ್ಕು ಕುಟ್ಟಿ ಮುರಿದುಕೊಳ್ಳುವುದು. ಹೊಸ ಕೊಕ್ಕು ಬಂದ ಮೇಲೆ ಉಗುರು ಕಿತ್ತುಕೊಳ್ಳುವುದು, ಹೊಸ ಉಗುರು ಬಂದ ಮೇಲೆ ಪುಕ್ಕ ಕಿತ್ತುಕೊಳ್ಳುವುದು. 150 ದಿನಗಳ ಈ ನೋವಿನ ನಂತರ ಇನ್ನೂ 30 ವರ್ಷ ಆಯುಸ್ಸು. ಕೊನೆಗೆ ಒಂದು ನೀತಿ: ಬದಲಾಗಬೇಕಾದರೆ ನೋವು ಸಹಿಸಲೇಬೇಕು.

ಈ ಸಂದೇಶದ ಜೊತೆ ಸಾಮಾನ್ಯವಾಗಿ ಬರುವ ಚಿತ್ರ ಬಿಳಿ ತಲೆ, ಹಳದಿ ಕೊಕ್ಕು, ಕಂದು ಮೈಯ ಹಕ್ಕಿಯದು. ಅದು ಉತ್ತರ ಅಮೆರಿಕದ ಬಾಲ್ಡ್ ಈಗಲ್. ಈ ಹಕ್ಕಿ ಯಾವುದೋ ಗುಟ್ಟಿನ ಬೆಟ್ಟದಲ್ಲಿ ಇರುವುದಲ್ಲ. ಪ್ರತಿ ಚಳಿಗಾಲದಲ್ಲೂ ಅಮೆರಿಕದ ನದಿ ದಂಡೆಯ ಪುಟ್ಟ ಊರುಗಳಲ್ಲಿ ಸಾವಿರಾರು ಜನ ಅದನ್ನು ನೋಡಲೆಂದೇ ಸೇರುತ್ತಾರೆ, ಎಣಿಸುತ್ತಾರೆ, ಹಬ್ಬ ಮಾಡುತ್ತಾರೆ. ಹಾಗಾದರೆ ಅಲ್ಲಿ ಕಾಣುವ ಹದ್ದಿಗೂ ಸಂದೇಶದ ಹದ್ದಿಗೂ ಎಷ್ಟು ಹೋಲಿಕೆ ಇದೆ? ಒಂದೊಂದಾಗಿ ನೋಡೋಣ.

ಏನಿದು ಹದ್ದು ಹಬ್ಬ?

ಅಮೆರಿಕದ ಮಧ್ಯಭಾಗದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹರಿಯುವ ದೊಡ್ಡ ನದಿ ಮಿಸಿಸಿಪ್ಪಿ. ಅದರ ದಂಡೆಯಲ್ಲಿ ಅಯೋವಾ ರಾಜ್ಯದ ಕಿಯೊಕಕ್, ಇಲಿನಾಯ್‌ನ ರಾಕ್ ಐಲ್ಯಾಂಡ್, ಮಿಸೌರಿಯ ಕ್ಲಾರ್ಕ್ಸ್‌ವಿಲ್, ಮಿನೆಸೋಟಾದ ವಾಬಶಾ ಎಂಬ ಊರುಗಳಿವೆ. ವಿಸ್ಕಾನ್ಸಿನ್ ನದಿಯ ದಂಡೆಯಲ್ಲಿ ಪ್ರೇರಿ ಡು ಸ್ಯಾಕ್ ಎಂಬ ಊರಿದೆ. ಚಳಿಗಾಲದಲ್ಲಿ, ಅದರಲ್ಲೂ ಜನವರಿ ಆಸುಪಾಸಿನಲ್ಲಿ, ಇಂಥ ಊರುಗಳು ಹದ್ದು ನೋಡುವ ಹಬ್ಬಗಳಿಗೆ ಹೆಸರಾಗಿವೆ.

ನಮ್ಮ ಜಾತ್ರೆಯಂತೆ ಇದಕ್ಕೂ ಒಂದು ಸಾಮಾನ್ಯ ರೂಪ ಇದೆ. ನದಿ ದಂಡೆಯಲ್ಲಿ ಸ್ವಯಂಸೇವಕರು ದೂರದರ್ಶಕಗಳನ್ನು ನಿಲ್ಲಿಸಿರುತ್ತಾರೆ. ಬಂದವರು ಸರತಿಯಲ್ಲಿ ಕಣ್ಣಿಟ್ಟು ನೋಡುತ್ತಾರೆ. ಚಳಿ ತಡೆಯಲಾಗದವರು ಹತ್ತಿರದ ಸಭಾಂಗಣಕ್ಕೆ ಬಂದು ಬಿಸಿ ಪಾನೀಯ ಕುಡಿಯುತ್ತಾ ಹಕ್ಕಿಗಳ ಬಗ್ಗೆ ಮಾತು ಕೇಳುತ್ತಾರೆ. ಅಲ್ಲಿ ಪರಿಣತರು ಜೀವಂತ ಹದ್ದನ್ನು ಕೈಮೇಲೆ ಕೂರಿಸಿಕೊಂಡು ತೋರಿಸುತ್ತಾರೆ. ಇದು ಸಾಕಿ ಪಳಗಿಸಿದ ಹಕ್ಕಿ ಅಲ್ಲ. ವಾಹನ ಬಡಿದೋ, ಗುಂಡು ತಗುಲಿಯೋ, ರೆಕ್ಕೆ ಮುರಿದೋ ಮತ್ತೆ ಕಾಡಿಗೆ ಬಿಡಲಾಗದ ಸ್ಥಿತಿಗೆ ಬಂದದ್ದು.

ವಾಬಶಾದಲ್ಲಿ 1989ರಲ್ಲಿ ಊರಿನ ಕೆಲವು ಸ್ವಯಂಸೇವಕರು ನದಿ ಪಕ್ಕದ ಕಟ್ಟೆಯಲ್ಲಿ ನಿಂತು, ಬಂದವರಿಗೆ ಹದ್ದು ತೋರಿಸಲು ಶುರುಮಾಡಿದರು. ಅದೇ ಕೆಲಸ ಬೆಳೆದು ಇಂದು ನ್ಯಾಷನಲ್ ಈಗಲ್ ಸೆಂಟರ್ ಎಂಬ ಸಂಸ್ಥೆಯಾಗಿದೆ. 2024ರ ಡಿಸೆಂಬರ್‌ನಲ್ಲಿ ಬಾಲ್ಡ್ ಈಗಲ್ ಕಾನೂನುಬದ್ಧವಾಗಿ ಅಮೆರಿಕದ ರಾಷ್ಟ್ರಪಕ್ಷಿಯಾಯಿತು. 1782ರಿಂದಲೇ ಅದು ದೇಶದ ಮುದ್ರೆಯಲ್ಲಿ ಇದ್ದರೂ ಅಧಿಕೃತ ಪಟ್ಟ ಸಿಕ್ಕಿದ್ದು ಈಗ. ಅದಕ್ಕಾಗಿ ಮುಂದೆ ನಿಂತು ಪ್ರಯತ್ನಿಸಿದ್ದರಲ್ಲಿ ಈ ಸಂಸ್ಥೆಯೂ ಒಂದು.

ಚಳಿಗಾಲದಲ್ಲೇ ಏಕೆ? ಅಣೆಕಟ್ಟಿನ ಕೆಳಗೇ ಏಕೆ?

ಬಾಲ್ಡ್ ಈಗಲ್‌ನ ಮುಖ್ಯ ಆಹಾರ ಮೀನು. ಚಳಿಗಾಲದಲ್ಲಿ ಕೆನಡಾ, ಮಿನೆಸೋಟಾ ಕಡೆಯ ಕೆರೆ, ಸರೋವರಗಳು ಹೆಪ್ಪುಗಟ್ಟುತ್ತವೆ. ಮಂಜುಗಡ್ಡೆಯ ಕೆಳಗಿರುವ ಮೀನು ಹದ್ದಿಗೆ ಸಿಗುವುದಿಲ್ಲ. ಹಾಗಾಗಿ ಹಕ್ಕಿಗಳು ದಕ್ಷಿಣಕ್ಕೆ, ಹೆಪ್ಪುಗಟ್ಟದ ನೀರು ಹುಡುಕಿಕೊಂಡು ಬರುತ್ತವೆ.

ಅಂಥ ನೀರು ಇರುವುದು ಎಲ್ಲಿ? ರಭಸವಾಗಿ ಹರಿಯುವ ಕಡೆ. ಮೇಲ್ ಮಿಸಿಸಿಪ್ಪಿಯಲ್ಲಿ ಹಡಗು ಸಂಚಾರಕ್ಕೆಂದು ಕಟ್ಟಿದ ಅಣೆಕಟ್ಟುಗಳ ಸಾಲೇ ಇದೆ. ಹೆಚ್ಚಿನವು 1930ರ ದಶಕದವು. ಕಿಯೊಕಕ್‌ನ ವಿದ್ಯುತ್ ಅಣೆಕಟ್ಟು ಅದಕ್ಕೂ ಹಳೆಯದು, 1913ರದು. ಅಣೆಕಟ್ಟಿನಿಂದ ಧುಮುಕುವ ನೀರು ಕಲಕುತ್ತಲೇ ಇರುವುದರಿಂದ ಹೆಪ್ಪುಗಟ್ಟುವುದಿಲ್ಲ. ಜೊತೆಗೆ ಅಣೆಕಟ್ಟು ದಾಟಿ ಬರುವಾಗ ಪೆಟ್ಟಾಗಿ, ಮಂಕಾಗಿ ತೇಲುವ ಸಣ್ಣ ಮೀನುಗಳು ಹದ್ದಿಗೆ ಸುಲಭದ ಊಟ. ವಾಬಶಾದ ಬಳಿ ಚಿಪ್ಪೆವಾ ನದಿ ಬಂದು ಮಿಸಿಸಿಪ್ಪಿಗೆ ಸೇರುವ ರಭಸವೇ ನೀರನ್ನು ತೆರೆದಿಡುತ್ತದೆ.

ಇಲ್ಲಿ ಒಂದು ಸ್ವಾರಸ್ಯ ಇದೆ. ಚಳಿ ಹೆಚ್ಚಾದಷ್ಟೂ ಹಬ್ಬದಲ್ಲಿ ಹದ್ದು ಹೆಚ್ಚು. ಸುತ್ತಮುತ್ತಲ ನೀರೆಲ್ಲ ಹೆಪ್ಪುಗಟ್ಟಿದಾಗ ಎಲ್ಲ ಹಕ್ಕಿಗಳೂ ತೆರೆದ ನೀರಿನ ಒಂದೇ ಜಾಗಕ್ಕೆ ಬರುತ್ತವೆ. ಚಳಿ ಕಡಿಮೆ ಇರುವ ವರ್ಷ ಅವು ಬೇರೆ ಬೇರೆ ಕೆರೆ, ಹೊಳೆಗಳಲ್ಲಿ ಚದುರಿರುತ್ತವೆ. ಆದ್ದರಿಂದ ಒಂದು ವರ್ಷ ಒಂದು ಅಣೆಕಟ್ಟಿನ ಬಳಿ ಹದ್ದು ಕಡಿಮೆ ಕಂಡಿತೆಂದರೆ ಹದ್ದುಗಳೇ ಕಡಿಮೆಯಾದವು ಎಂದಲ್ಲ. ಇದೇ ಕಾರಣಕ್ಕೆ ಒಂದು ಜಾಗದ ಎಣಿಕೆ ಸಾಲದು. 1979ರಿಂದ ಪ್ರತಿ ಜನವರಿಯ ಮೊದಲ ಭಾಗದಲ್ಲಿ ದೇಶದ ಬೇರೆ ಬೇರೆ ಕಡೆ ಸ್ವಯಂಸೇವಕರೂ ಸಿಬ್ಬಂದಿಯೂ ಗೊತ್ತುಪಡಿಸಿದ ದಾರಿಗಳಲ್ಲಿ ಹೋಗಿ ಹದ್ದು ಎಣಿಸುವ ಸಮೀಕ್ಷೆ ನಡೆದುಬಂದಿದೆ.

ಹಕ್ಕಿ ಸುಮ್ಮನೆ ಕೂತಿರುತ್ತದೆ. ಅದೇ ಅದರ ಕೆಲಸ

ಮೊದಲ ಸಲ ಬಂದವರಿಗೆ ಸ್ವಲ್ಪ ನಿರಾಸೆಯಾಗುವುದುಂಟು. ಹದ್ದು ಬೆಳಗ್ಗೆ ಒಂದಿಷ್ಟು ಮೀನು ಹಿಡಿದು, ಉಳಿದ ಹೊತ್ತು ನದಿ ಪಕ್ಕದ ಎತ್ತರದ ಮರದಲ್ಲಿ ಅಲ್ಲಾಡದೆ ಕೂತಿರುತ್ತದೆ. ಇದು ಸೋಮಾರಿತನ ಅಲ್ಲ, ಲೆಕ್ಕಾಚಾರ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಮೈ ಬಿಸಿ ಇಟ್ಟುಕೊಳ್ಳುವುದಕ್ಕೇ ಹೆಚ್ಚು ಶಕ್ತಿ ಬೇಕು. ಹಾರುವುದು ದುಬಾರಿ. ರಾತ್ರಿ ಗಾಳಿ ತಾಗದ ಕಣಿವೆಯ ಮರಗಳಲ್ಲಿ ಗುಂಪಾಗಿ ತಂಗುವುದೂ ಇದೇ ಕಾರಣಕ್ಕೆ.

ಹಬ್ಬದ ನಿಯಮಗಳೂ ಇದರ ಮೇಲೆಯೇ ನಿಂತಿವೆ. ಸಾಧ್ಯವಾದರೆ ಕಾರಿನೊಳಗಿಂದಲೇ ನೋಡಿ. ಬಾಗಿಲು ಬಡಿಯಬೇಡಿ. ಮರದ ಬುಡಕ್ಕೆ ಹೋಗಬೇಡಿ. ಫೋಟೋಕ್ಕಾಗಿ ಹಾರಿಸಬೇಡಿ. ಮನುಷ್ಯರು ಬೆದರಿಸಿದಾಗಲೆಲ್ಲ ಹಾರಿದರೆ, ಬೆಳಗಿನ ಮೀನಿನಿಂದ ಬಂದ ಶಕ್ತಿ ಅಲ್ಲೇ ಖರ್ಚು. ನೆಲಕ್ಕೆ ಬಿದ್ದ ಒಂದು ಪುಕ್ಕವನ್ನೂ ನೆನಪಿಗೆಂದು ಮನೆಗೆ ಒಯ್ಯುವಂತಿಲ್ಲ. 1940ರ ಕಾಯ್ದೆಯ ಪ್ರಕಾರ ಅದು ಅಪರಾಧ. ಹದ್ದಿನ ಪುಕ್ಕ ಪವಿತ್ರವೆನಿಸಿರುವ ಮೂಲನಿವಾಸಿ ಸಮುದಾಯಗಳಿಗೆ ಮಾತ್ರ ಕಾನೂನಿನಲ್ಲಿ ಪ್ರತ್ಯೇಕ ಅವಕಾಶ ಇದೆ.

ಈಗ ಸಂದೇಶಕ್ಕೆ ಹಿಂತಿರುಗೋಣ. ಚಳಿಯಲ್ಲಿ ಒಂದು ಅನಗತ್ಯ ಹಾರಾಟವೂ ಹೊರೆಯಾಗುವ ಹಕ್ಕಿ, ಐದು ತಿಂಗಳು ಬೇಟೆಯಿಲ್ಲದೆ ಬೆಟ್ಟದ ತುದಿಯಲ್ಲಿ ಕೂತಿರಲು ಸಾಧ್ಯವೇ?

ಸಂದೇಶದ ಮಾತುಗಳು ಎಷ್ಟು ನಿಜ?

*70 ವರ್ಷ ಆಯುಸ್ಸು:* ತಪ್ಪು. ಕಾಡಿನಲ್ಲಿ ಬಾಲ್ಡ್ ಈಗಲ್ ಸಾಮಾನ್ಯವಾಗಿ 20ರಿಂದ 30 ವರ್ಷ ಬದುಕುತ್ತದೆ. ಕಾಲಿಗೆ ಉಂಗುರ ಹಾಕಿ ಗುರುತಿಟ್ಟ ಕಾಡಿನ ಹಕ್ಕಿಗಳಲ್ಲಿ ಅತಿ ಹೆಚ್ಚು ಕಾಲ ಬದುಕಿದ ದಾಖಲೆ 38 ವರ್ಷ. ಅಂದರೆ ‘ಮರುಹುಟ್ಟಿನ’ ವಯಸ್ಸು ಎನ್ನುವ 40ನ್ನು ದಾಖಲೆಯ ಹಕ್ಕಿಯೂ ಮುಟ್ಟಲಿಲ್ಲ.

*ಕೊಕ್ಕು ಮುರಿದರೆ ಹೊಸದು ಬರುತ್ತದೆ:* ತಪ್ಪು. ಕೊಕ್ಕಿನ ಒಳಗೆ ಮೂಳೆ ಇದೆ. ಹೊರಗಿನ ಹೊದಿಕೆ ಕೆರಾಟಿನ್, ಅಂದರೆ ನಮ್ಮ ಉಗುರಿನ ವಸ್ತುವೇ. ಈ ಹೊದಿಕೆ ಜೀವನಪೂರ್ತಿ ನಿಧಾನವಾಗಿ ಬೆಳೆಯುತ್ತದೆ, ತಿನ್ನುವಾಗ, ಉಜ್ಜುವಾಗ ಸವೆಯುತ್ತದೆ. ತುದಿ ಸ್ವಲ್ಪ ಚಕ್ಕೆ ಎದ್ದರೆ ಸರಿಹೋಗಬಹುದು. ಮೂಳೆಯ ಸಮೇತ ಮುರಿದರೆ ಹಕ್ಕಿ ತಿನ್ನಲಾರದು. 2005ರಲ್ಲಿ ಅಲಾಸ್ಕಾದಲ್ಲಿ ಗುಂಡೇಟಿಗೆ ಮೇಲ್ಕೊಕ್ಕು ಕಳೆದುಕೊಂಡ ಒಂದು ಹದ್ದು ಹಸಿವಿನಿಂದ ಸಾಯುವ ಸ್ಥಿತಿಯಲ್ಲಿ ಸಿಕ್ಕಿತು. ಅದು ಉಳಿದದ್ದು ಮನುಷ್ಯರು ಕೈಯಾರೆ ತಿನ್ನಿಸಿದ್ದರಿಂದ. ಮುಂದೆ 3ಡಿ ಪ್ರಿಂಟರ್‌ನಲ್ಲಿ ಕೃತಕ ಕೊಕ್ಕು ಮಾಡಿ ಜೋಡಿಸಲಾಯಿತು. ‘ಬ್ಯೂಟಿ’ ಎಂಬ ಹೆಸರಿನ ಆ ಹಕ್ಕಿಯ ಸುದ್ದಿಯನ್ನು ನೀವೂ ನೋಡಿರಬಹುದು.

*ಉಗುರು ಕಿತ್ತುಕೊಳ್ಳುತ್ತದೆ:* ತಪ್ಪು. ಹದ್ದಿಗೆ ಉಗುರೇ ಆಯುಧ. ಅದಿಲ್ಲದೆ ಬೇಟೆ ಇಲ್ಲ, ಕೊಂಬೆಯ ಮೇಲೆ ಗಟ್ಟಿ ಹಿಡಿತವೂ ಇಲ್ಲ.

*ಪುಕ್ಕ ಕಿತ್ತುಕೊಳ್ಳುತ್ತದೆ:* ಇಲ್ಲಿ ಒಂದು ಚೂರು ನಿಜ ಸೇರಿದೆ. ಹಳೆ ಪುಕ್ಕ ಉದುರಿ ಹೊಸದು ಬರುವುದು ಎಲ್ಲ ಹಕ್ಕಿಗಳಲ್ಲೂ ಇದೆ. ಆದರೆ ಹದ್ದು ಅದನ್ನು ಕಿತ್ತುಕೊಳ್ಳುವುದಿಲ್ಲ. ಕೆಲವೇ ಪುಕ್ಕ ಒಂದು ಸಲಕ್ಕೆ, ಎರಡೂ ರೆಕ್ಕೆಯಲ್ಲಿ ಸಮತೋಲನ ತಪ್ಪದ ಹಾಗೆ ಉದುರುತ್ತವೆ. ಹಾರಾಟ ಒಂದು ದಿನವೂ ನಿಲ್ಲಬಾರದು ಎಂಬುದೇ ಆ ವ್ಯವಸ್ಥೆ.

*150 ದಿನ ಉಪವಾಸ:* ಅಸಾಧ್ಯ. ಹದ್ದು ಕೆಲವು ದಿನ ಆಹಾರವಿಲ್ಲದೆ ತಡೆದುಕೊಳ್ಳಬಲ್ಲದು, ತಿಂಗಳುಗಟ್ಟಲೆ ಅಲ್ಲ.

ಹದ್ದು ಹಬ್ಬದಲ್ಲಿ ಪರಿಣತರ ಕೈಮೇಲೆ ಕೂತಿರುವ ಹಕ್ಕಿಯೇ ಇದಕ್ಕೆಲ್ಲ ಸಾಕ್ಷಿ. ಮುರಿದದ್ದು ತಾನಾಗಿ ಹೊಸದಾಗಿ ಬರುವಂತಿದ್ದರೆ ಅದು ಅಲ್ಲಿ ಇರಬೇಕಾಗಿರಲಿಲ್ಲ.

ಇನ್ನೂ ಮೂರು ಸಣ್ಣ ತಪ್ಪು ತಿಳಿವಳಿಕೆಗಳು

‘ಬಾಲ್ಡ್’ ಎಂದರೆ ಬೋಳು, ಹಾಗಾಗಿ ಇದು ಬೋಳು ತಲೆಯ ಹದ್ದು ಎನ್ನುವುದುಂಟು. ತಲೆ ತುಂಬ ಬಿಳಿ ಪುಕ್ಕ ಇದೆ. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಬಿಳಿ ಮಚ್ಚೆಯ ಅರ್ಥವೂ ಇತ್ತು. ತಲೆ ಪೂರ್ತಿ ಬೆಳ್ಳಗಾಗುವುದು ಸುಮಾರು 5 ವರ್ಷಕ್ಕೆ. ಅಲ್ಲಿಯವರೆಗೆ ಮರಿ ಹದ್ದಿನ ಮೈ ಹೆಚ್ಚಾಗಿ ಕಂದು. ಎಣಿಸುವವರು ಎರಡನ್ನೂ ಬೇರೆ ಬೇರೆ ಬರೆದುಕೊಳ್ಳುತ್ತಾರೆ. ಮರಿಗಳ ಲೆಕ್ಕ ಮುಂದಿನ ಪೀಳಿಗೆಯ ಸೂಚನೆ.

ಸಿನಿಮಾದಲ್ಲಿ ಹದ್ದು ಬಂದಾಗ ಕೇಳುವ ಮೈ ಜುಮ್ಮೆನ್ನಿಸುವ ಕೂಗು ಹೆಚ್ಚಾಗಿ ಕೆಂಬಾಲದ ಡೇಗೆಯದು. ಬಾಲ್ಡ್ ಈಗಲ್‌ನ ನಿಜವಾದ ದನಿ ಸಣ್ಣದು, ಕೀಚಲು.

ಹದ್ದು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಈಗಲೂ ಹರಿದಾಡುತ್ತದೆ. ಅದು 2012ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಅನಿಮೇಷನ್ ವಿದ್ಯಾರ್ಥಿಗಳು ಕಂಪ್ಯೂಟರ್‌ನಲ್ಲಿ ಮಾಡಿದ್ದು. ಬಾಲ್ಡ್ ಈಗಲ್‌ನ ತೂಕವೇ ಸುಮಾರು 3ರಿಂದ 6 ಕಿಲೋ. ಅದು ಎತ್ತಿ ಹಾರುವ ಭಾರ ತನ್ನ ತೂಕಕ್ಕಿಂತ ಎಷ್ಟೋ ಕಡಿಮೆ.

ಹಾಗಾದರೆ ಮರುಹುಟ್ಟು ಸುಳ್ಳೇ? ಇಲ್ಲ, ಅದು ಬೇರೆ ಥರ ನಡೆಯಿತು

1963ರಲ್ಲಿ ಅಲಾಸ್ಕಾ, ಹವಾಯಿ ಬಿಟ್ಟು ಉಳಿದ 48 ಅಮೆರಿಕನ್ ರಾಜ್ಯಗಳಲ್ಲಿ ಗೂಡು ಕಟ್ಟುತ್ತಿದ್ದ ಬಾಲ್ಡ್ ಈಗಲ್ ಜೋಡಿಗಳ ಲೆಕ್ಕ ಸಿಕ್ಕಿದ್ದು 417. ಬೇಟೆ, ಕಾಡು ನಾಶ ಹಳೆಯ ಕಾರಣಗಳು. ಹೊಸ ಕಾರಣ ಡಿಡಿಟಿ. ಎರಡನೇ ಮಹಾಯುದ್ಧದ ನಂತರ ಸೊಳ್ಳೆಗೂ ಬೆಳೆಯ ಹುಳಕ್ಕೂ ಎಲ್ಲೆಡೆ ಸಿಂಪಡಿಸಿದ ಕೀಟನಾಶಕ ಅದು. ಮಳೆ ನೀರಿನಲ್ಲಿ ಕೊಚ್ಚಿ ನದಿ ಸೇರಿತು. ನೀರಿನ ಸಣ್ಣ ಜೀವಿಗಳಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಹೋಗುವಾಗ ಅದು ಕರಗಲಿಲ್ಲ, ಕೊಬ್ಬಿನಲ್ಲಿ ಕೂಡುತ್ತಾ ಹೋಯಿತು. ಕೊನೆಗೆ ಆ ಮೀನು ತಿಂದ ಹದ್ದಿನ ಮೈಗೆ ಬಂತು. ಹದ್ದು ತಕ್ಷಣ ಸಾಯಲಿಲ್ಲ. ಅದರ ಮೊಟ್ಟೆಯ ಚಿಪ್ಪು ತೆಳುವಾಯಿತು. ಕಾವು ಕೊಡಲು ಕೂತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯತೊಡಗಿತು.

1962ರಲ್ಲಿ ರೇಚಲ್ ಕಾರ್ಸನ್ ಬರೆದ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕ ಈ ಕೀಟನಾಶಕಗಳ ಬಗ್ಗೆ ದೇಶವನ್ನೇ ಎಚ್ಚರಿಸಿತು. 1972ರಲ್ಲಿ ಅಮೆರಿಕ ಡಿಡಿಟಿ ಬಳಕೆಯನ್ನು ನಿಷೇಧಿಸಿತು. ಗೂಡುಗಳಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ಹದ್ದು ಇಲ್ಲವಾದ ಕಡೆಗೆ ಬೇರೆ ರಾಜ್ಯಗಳಿಂದ ಮರಿ ತಂದು ಬೆಳೆಸಿ ಬಿಡಲಾಯಿತು.

38 ವರ್ಷ ಬದುಕಿದ ದಾಖಲೆಯ ಹಕ್ಕಿಯ ಕಥೆ ಇದೇ. ನ್ಯೂಯಾರ್ಕ್ ರಾಜ್ಯದಲ್ಲಿ 1970ರ ದಶಕದ ಹೊತ್ತಿಗೆ ಒಂದೇ ಒಂದು ಗೂಡು ಉಳಿದಿತ್ತು, ಅದರಲ್ಲೂ ಮರಿ ಆಗುತ್ತಿರಲಿಲ್ಲ. 1977ರಲ್ಲಿ ಮಿನೆಸೋಟಾದಿಂದ ತಂದ ಒಂದು ಮರಿಯನ್ನು ಅಲ್ಲಿನ ಮಾಂಟೆಜುಮಾ ವನ್ಯಧಾಮದಲ್ಲಿ ಬೆಳೆಸಿ, ಕಾಲಿಗೆ ಉಂಗುರ ತೊಡಿಸಿ ಹಾರಿಬಿಟ್ಟರು. ಅದು ಮುಂದೆ ಹೆಮ್ಲಾಕ್ ಸರೋವರದ ಬಳಿ ಗೂಡು ಕಟ್ಟಿ ವರ್ಷಗಟ್ಟಲೆ ಮರಿ ಮಾಡಿತು. 2015ರಲ್ಲಿ ಅದು ಸತ್ತದ್ದು ಮುಪ್ಪಿನಿಂದಲ್ಲ, ಕಾರು ಬಡಿದು.

2007ರಲ್ಲಿ ಬಾಲ್ಡ್ ಈಗಲ್ ಅಳಿವಿನಂಚಿನ ಪಟ್ಟಿಯಿಂದ ಹೊರಬಂತು. 2021ರಲ್ಲಿ ಅಮೆರಿಕದ ವನ್ಯಜೀವಿ ಇಲಾಖೆ ಪ್ರಕಟಿಸಿದ ಅಂದಾಜಿನಂತೆ ಆ 48 ರಾಜ್ಯಗಳಲ್ಲಿ ಗೂಡು ಕಟ್ಟುವ ಜೋಡಿಗಳು 71,467, ಒಟ್ಟು ಹಕ್ಕಿಗಳು 3,16,700. 417ರಿಂದ ಇಲ್ಲಿಗೆ. ನಿಜವಾದ ಮರುಹುಟ್ಟು ಇದು. ಇದರಲ್ಲಿ ಯಾವ ಹದ್ದೂ ಬಂಡೆಗೆ ಕೊಕ್ಕು ಕುಟ್ಟಲಿಲ್ಲ. ಬದಲಾದವರು ಮನುಷ್ಯರು.

ಆದರೆ ಕಥೆ ಮುಗಿದಿಲ್ಲ

ಇಂದಿನ ವಿಷ ಸೀಸ. ಅಮೆರಿಕದ ಬಹಳ ಕಡೆ ಚಳಿಗಾಲಕ್ಕೆ ಮುಂಚೆ ಜಿಂಕೆ ಬೇಟೆಯ ಋತು. ಸೀಸದ ಗುಂಡು ಪ್ರಾಣಿಯ ಮೈ ಹೊಕ್ಕಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ಸಿಡಿಯುತ್ತದೆ. ಬೇಟೆಗಾರರು ಮಾಂಸ ಒಯ್ದು ಕರುಳು, ಅಂಗಾಂಗಗಳನ್ನು ಕಾಡಿನಲ್ಲೇ ಬಿಡುತ್ತಾರೆ. ಮೀನು ಸಿಗದ ಚಳಿಯಲ್ಲಿ ಹದ್ದು ಅದನ್ನು ತಿನ್ನುತ್ತದೆ. ಅದರ ಹೊಟ್ಟೆಯ ಪ್ರಬಲ ಆಮ್ಲ ಸೀಸವನ್ನು ಕರಗಿಸಿ ರಕ್ತಕ್ಕೆ ಸೇರಿಸುತ್ತದೆ.

2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ 38 ರಾಜ್ಯಗಳ 1,210 ಹದ್ದುಗಳನ್ನು ಪರೀಕ್ಷಿಸಿತು. ಬಾಲ್ಡ್ ಈಗಲ್, ಗೋಲ್ಡನ್ ಈಗಲ್ ಎರಡರಲ್ಲೂ ಹತ್ತಿರ ಹತ್ತಿರ ಅರ್ಧದಷ್ಟು ಹಕ್ಕಿಗಳ ಮೂಳೆಯಲ್ಲಿ, ಸೀಸಕ್ಕೆ ಮತ್ತೆ ಮತ್ತೆ ಒಡ್ಡಿಕೊಂಡ ಗುರುತು ಸಿಕ್ಕಿತು. ಇದರಿಂದ ಬಾಲ್ಡ್ ಈಗಲ್ ಸಂಖ್ಯೆ ಬೆಳೆಯುವ ವೇಗ ಶೇ 4ರಷ್ಟು ಕುಂದುತ್ತಿದೆ ಎಂದು ಅಂದಾಜಿಸಲಾಯಿತು. ತೀವ್ರ ವಿಷವೇರಿಕೆ ಹೆಚ್ಚು ಕಂಡದ್ದು ಚಳಿಗಾಲದಲ್ಲೇ. ಅಂದರೆ ಜನ ದೂರದರ್ಶಕ ಹಿಡಿದು ಹಬ್ಬ ಮಾಡುವ ಅದೇ ತಿಂಗಳುಗಳಲ್ಲಿ.

ಇದಕ್ಕೂ ಪರಿಹಾರ ಇದೆ, ಅದೂ ಕಷ್ಟದ್ದಲ್ಲ: ಸೀಸದ ಬದಲು ತಾಮ್ರದ ಗುಂಡು. ನೀರುಹಕ್ಕಿಗಳ ಬೇಟೆಯಲ್ಲಿ ಸೀಸದ ಚರೆ 1991ರಿಂದಲೇ ಅಮೆರಿಕದಾದ್ಯಂತ ನಿಷಿದ್ಧ. ಉಳಿದ ಬೇಟೆಯಲ್ಲಿ ಅದು ಬಹುಮಟ್ಟಿಗೆ ಬೇಟೆಗಾರರ ಮನಸ್ಸಿಗೆ ಬಿಟ್ಟ ವಿಷಯ. ಹದ್ದು ನೋಡಲು ಬಂದವರಲ್ಲಿ ಬೇಟೆಗಾರರೂ ಅವರ ಮಕ್ಕಳೂ ಇರುತ್ತಾರೆ. ಆ ಮಾತು ಅವರ ಕಿವಿಗೆ ಬೀಳಲು ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇರಲಾರದು.

ನಮಗೂ ಇದಕ್ಕೂ ಏನು ಸಂಬಂಧ?

ಆಹಾರದ ಮೂಲಕ ಬಂದ ವಿಷ ಹಕ್ಕಿಯನ್ನು ಕೊಂದ ಕಥೆ ನಮಗೆ ಹೊಸದಲ್ಲ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧ, ಸತ್ತ ದನವನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಡಿಸಿತು. 1992ರಿಂದ 2007ರ ನಡುವೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಶೇ 99ಕ್ಕೂ ಹೆಚ್ಚು ಇಲ್ಲವಾದವು. 2006ರಲ್ಲಿ ಜಾನುವಾರುಗಳಿಗೆ ಆ ಔಷಧವನ್ನು ನಿಷೇಧಿಸಲಾಯಿತು. ರಾಮನಗರದ ರಾಮದೇವರಬೆಟ್ಟ 2012ರಲ್ಲಿ ರಣಹದ್ದು ಧಾಮವಾಯಿತು. ಮಿಸಿಸಿಪ್ಪಿಯ ದಂಡೆಯಲ್ಲೂ ರಾಮನಗರದ ಬಂಡೆಯಲ್ಲೂ ಪಾಠ ಒಂದೇ: ಹಕ್ಕಿಯ ಛಲ ಎಷ್ಟೇ ಇರಲಿ, ಊಟದಲ್ಲಿ ವಿಷ ಇದ್ದರೆ ಅದು ಉಳಿಯುವುದಿಲ್ಲ.

‘ಸುಳ್ಳಾದರೇನು, ಸ್ಫೂರ್ತಿ ಸಿಗುತ್ತದಲ್ಲ?’

ಈ ಪ್ರಶ್ನೆ ಸಹಜ. ನಾವು ಎರಡು ಉತ್ತರ ಕೊಡುತ್ತೇವೆ.

ಒಂದು, ಈ ಸಂದೇಶ ಯಾರಿಗೆ ಹೋಗುತ್ತದೆ ಎಂದು ಯೋಚಿಸಿ. 40 ದಾಟಿ ಕೆಲಸ ಕಳೆದುಕೊಂಡವರಿಗೆ, ಕಾಯಿಲೆಯಲ್ಲಿರುವವರಿಗೆ, ಮನಸ್ಸು ಕುಗ್ಗಿದವರಿಗೆ. ಅವರಿಗೆ ಅದು ಹೇಳುವುದೇನು? ಎಲ್ಲರಿಂದ ದೂರ ಹೋಗು, ಉಪವಾಸ ಕೂರು, ನಿನಗೆ ನೀನೇ ನೋವು ಕೊಟ್ಟುಕೋ, ಆಮೇಲೆ ಸರಿಹೋಗುತ್ತದೆ. ಕಷ್ಟದಲ್ಲಿರುವವರಿಗೆ ಇದು ತಪ್ಪು ಸಲಹೆ. ಗಾಯಗೊಂಡ ಹದ್ದನ್ನೂ ಉಳಿಸುವುದು ಒಂಟಿತನ ಅಲ್ಲ, ಆರೈಕೆ.

ಎರಡು, ಈ ಕಥೆ ಹೊಣೆಯನ್ನು ಹಕ್ಕಿಯ ಮೇಲೆ ಹಾಕುತ್ತದೆ. ಕೊಕ್ಕು ಒಡೆದುಕೊಳ್ಳುವ ಧೈರ್ಯ ಇದ್ದರೆ ಬದುಕು, ಇಲ್ಲದಿದ್ದರೆ ಸಾವು ಎಂದು. ನಿಜದಲ್ಲಿ ಆ ಹಕ್ಕಿಗೆ ಸಾವು ಬಂದದ್ದು ನಾವು ಸಿಂಪಡಿಸಿದ್ದರಿಂದ, ಬದುಕು ಬಂದದ್ದು ನಾವು ಅದನ್ನು ನಿಲ್ಲಿಸಿದ್ದರಿಂದ. ಕಾನೂನು ಮಾಡಿದವರು, ಚಳಿಯಲ್ಲಿ ನಿಂತು ಎಣಿಸಿದವರು, ಮರಿಗೆ ಮೀನು ತಿನ್ನಿಸಿದವರು ಎಲ್ಲರೂ ಸೇರಿ ಮಾಡಿದ ಕೆಲಸ ಅದು. ಸ್ಫೂರ್ತಿ ಬೇಕೆಂದರೆ ಇದರಲ್ಲಿ ಬೇಕಾದಷ್ಟಿದೆ.

ಒಟ್ಟಿನಲ್ಲಿ

ಹದ್ದು 70 ವರ್ಷ ಬದುಕುತ್ತದೆ, 40ಕ್ಕೆ ಕೊಕ್ಕು, ಉಗುರು, ಪುಕ್ಕ ಕಿತ್ತು ಹೊಸ ಜನ್ಮ ಪಡೆಯುತ್ತದೆ ಎಂಬುದು ಸುಳ್ಳು. ಅಳಿಯುವ ಹಂತಕ್ಕೆ ಬಂದ ಬಾಲ್ಡ್ ಈಗಲ್ ಮತ್ತೆ ಲಕ್ಷಗಳ ಲೆಕ್ಕಕ್ಕೆ ಬಂದದ್ದು ನಿಜ. ಮುಂದಿನ ಸಲ ಗುಂಪಿನಲ್ಲಿ ಆ ಸಂದೇಶ ಬಂದಾಗ ಕಳಿಸಿದವರನ್ನು ಹೀಯಾಳಿಸಬೇಡಿ. ಅವರು ಒಳ್ಳೆಯ ಮನಸ್ಸಿನಿಂದಲೇ ಕಳಿಸಿರುತ್ತಾರೆ. ‘ಇದಕ್ಕಿಂತ ಒಳ್ಳೆಯ ಹದ್ದಿನ ಕಥೆ ಒಂದಿದೆ, ಅದು ನಿಜ ಕೂಡ’ ಎಂದು ಹೇಳಿ, 417 ಮತ್ತು 71,467 ಎಂಬ ಎರಡು ಸಂಖ್ಯೆ ಬರೆದು ಕಳಿಸಿ.